ಕಾಲು ತೊಳೆದುಕೊಂಡು ಬಾ

ಕಾಲು ತೊಳೆದುಕೊಂಡು ಬಾ ಎಂದರು. ಯಾಕೆ ಎಂದೆ. ನಿನ್ನ ಕಾಲು ತೊಳೆಯಬೇಕು, ಅದಕ್ಕೆ ಎಂದರು.

ನನಗೆ ನಗು ಬರಲಿಲ್ಲ. ಪಕ್ಕದಲ್ಲಿದ್ದ ವಾಸಂತಿ ನಕ್ಕುಬಿಟ್ಟಳು. ಅವಳು ನನ್ನ ಜೊತೆ ಕಸದ ಬಂಡಿ ತಳ್ಳುವವಳು, ತಮಿಳಿನವಳು. ಕನ್ನಡ ಆಡಲು ಬಾರದು, ಇಷ್ಟು ಅರ್ಥವಾಗುತ್ತದೆ. ಇಬ್ಬರೂ ಅಪಾರ್ಟ್‌ಮೆಂಟಿನ ಹಿಂದೆ ಹೋಗಿ, ಕಾರು ತೊಳೆಯುವ ನಲ್ಲಿಯ ಕೆಳಗೆ ಕಾಲು ಉಜ್ಜಿದೆವು. ವಾಚ್‌ಮನ್ ಭೋಜರಾಜ ಒಂದು ಬಾಟಲಿ ತಂದು ಮೇಲಿನಿಂದ ಕ್ರಿಮಿ ಸಾಯುವ ಔಷಧ ಸುರಿದ. ಬೆರಳ ಸಂದಿಯ ಹುಣ್ಣಿಗೆ ತಗುಲಿ ಕಣ್ಣಲ್ಲಿ ನೀರು ಬಂತು. ಆ ಹುಣ್ಣು ಅದೇ ಅಪಾರ್ಟ್‌ಮೆಂಟಿನ ಮುಂದೆ ನಿಂತು ಆದದ್ದು.

ಇದು ನಿನ್ನೆಯ ಮಾತು. ಸ್ವಲ್ಪ ಹಿಂದಿನಿಂದ ಹೇಳಬೇಕು.

ನನ್ನ ಹೆಸರು ಮಾದೇವಿ. ಊರು ತಾಳವಾಡಿ ಕಡೆ. ಲೆಕ್ಕಕ್ಕೆ ಅದು ತಮಿಳುನಾಡು, ನಮ್ಮ ಬಾಯಿ ಮಾತ್ರ ಕನ್ನಡದ್ದು. ಮದುವೆಯಾಗಿ ಚೆನ್ನೈಗೆ ಬಂದೆ. ಗಂಡ ಮೋರಿ ಕೆಲಸದವನು, ಈಗ ಇಲ್ಲ. ಅವನು ಹೇಗೆ ಸತ್ತ ಎನ್ನುವುದು ಬೇರೆ ಕಥೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ನಾನು ಕಂಟ್ರಾಕ್ಟಿನಲ್ಲಿ ಕಸ ಎತ್ತುತ್ತೇನೆ. ಕೀಲ್ಪಾಕ್‌ನ ಒಳಗಲ್ಲಿಗಳು ನಮ್ಮ ಪಾಲಿನವು. ಬೆಳಕು ಹರಿಯುವಾಗ ಬಂಡಿ ಹಿಡಿದರೆ ಮಧ್ಯಾಹ್ನ ದಾಟುವವರೆಗೆ ಬಿಡುವಿಲ್ಲ.

ಈಗ ಹೇಳುವುದು ನಾಚಿಕೆಯ ವಿಚಾರ. ಆದರೂ ಹೇಳಬೇಕು. ಅಷ್ಟು ಹೊತ್ತು ನಮಗೆ ಒಂದಕ್ಕೆ ಹೋಗಲು ಜಾಗವಿಲ್ಲ. ಗಂಡಸರು ಗೋಡೆಗೆ ತಿರುಗುತ್ತಾರೆ. ನಾವು ಎಲ್ಲಿಗೆ ತಿರುಗುವುದು? ದೊಡ್ಡ ರಸ್ತೆಯಲ್ಲಿ ಒಂದು ಕಕ್ಕಸು ಇದೆ, ಯಾವಾಗ ನೋಡಿದರೂ ಬೀಗ. ಅದಕ್ಕೇ ನಾವು ನೀರು ಕುಡಿಯುವುದಿಲ್ಲ. ಬೆಳಿಗ್ಗೆ ಅರ್ಧ ಲೋಟ ಟೀ, ಅಷ್ಟೆ. ತಡೆಯಲಾಗದ ದಿನ ಕಸದ ಲಾರಿಯ ಹಿಂದೆ ವಾಸಂತಿ ಸೆರಗು ಬಿಚ್ಚಿ ಅಡ್ಡ ಹಿಡಿಯುತ್ತಾಳೆ, ನಾನು ಕೂರುತ್ತೇನೆ. ಆಮೇಲೆ ನಾನು ಹಿಡಿಯುತ್ತೇನೆ, ಅವಳು ಕೂರುತ್ತಾಳೆ. ಒಮ್ಮೆ ಯಾರೋ ಬಾಲ್ಕನಿಯಿಂದ ಅದನ್ನು ಫೋಟೊ ತೆಗೆದು ಸೂಪರ್‌ವೈಸರಿಗೆ ಕಳಿಸಿದರು. ನಿಮ್ಮ ಹೆಂಗಸರು ರಸ್ತೆ ಗಲೀಜು ಮಾಡುತ್ತಾರೆ ಎಂದು ಬರೆದಿದ್ದರಂತೆ. ಅವನು ಅದನ್ನು ಗಂಡಸರ ಎದುರಿಗೇ ನಮಗೆ ತೋರಿಸಿದ. ಫೋಟೊದಲ್ಲಿ ನನ್ನ ಬೆನ್ನಿತ್ತು. ನನ್ನದೇ ಬೆನ್ನನ್ನು ನಾನು ಹಾಗೆ ನೋಡಬೇಕಾಯಿತು. ಅವತ್ತಿನಿಂದ ಟೀಯನ್ನೂ ಬಿಟ್ಟೆ.

ಕಿಬ್ಬೊಟ್ಟೆಯಲ್ಲಿ ಉರಿ ಶುರುವಾಯಿತು. ಡಾಕ್ಟರಮ್ಮ ನೀರು ಕುಡಿ, ತಡೆದು ಇಟ್ಟುಕೊಳ್ಳಬೇಡ, ಹೀಗೇ ಬಿಟ್ಟರೆ ಕಿಡ್ನಿ ಕೈಕೊಡುತ್ತದೆ ಎಂದರು. ಸರಿ ಅಮ್ಮ ಎಂದು ತಲೆಯಾಡಿಸಿ ಬಂದೆ. ಎಲ್ಲಿ ಹೋಗಲಿ ಎಂದು ಕೇಳಲು ಅಲ್ಲೂ ನಾಚಿಕೆಯಾಯಿತು.

ಆಮೇಲೆ ಪುಯಲ್ ಬಂತು. ಬಿರುಗಾಳಿ ಮಳೆಗೆ ಇಲ್ಲಿಯವರು ಹಾಗೆನ್ನುತ್ತಾರೆ. ಗಲ್ಲಿಯಲ್ಲಿ ಸೊಂಟದುದ್ದ ನೀರು. ಊರಿಗೆ ಊರೇ ಮನೆಯೊಳಗೆ ಸೇರಿತು, ನಮ್ಮನ್ನು ಮಾತ್ರ ಹೊರಗೆ ಕರೆದರು. ಮೋರಿಯ ಬಾಯಿ ಕಟ್ಟಿತ್ತು, ಬಿಡಿಸಬೇಕಿತ್ತು. ಬೂಟು ಕೊಟ್ಟಿದ್ದರು. ಅದರೊಳಗೆ ನೀರು ತುಂಬಿ ಹೆಜ್ಜೆ ಎತ್ತಲಾಗದೆ ಬಿಚ್ಚಿ ಎಸೆದೆವು. ಬಗ್ಗಿ ಕೈ ಇಳಿಸಿದರೆ ಗಲ್ಲದವರೆಗೆ ನೀರು. ಮಕ್ಕಳ ಡಯಾಪರು, ಹೆಂಗಸರ ಪ್ಯಾಡು, ಎಳನೀರು ಬುರುಡೆ, ದೇವರಿಗೆ ಹಾಕಿ ತೆಗೆದ ಹೂವು. ಎಲ್ಲ ಬರಿಗೈಯಲ್ಲಿ ಎಳೆದು ಹಾಕಿದೆವು. ಉಗುರು ಕಿತ್ತುಬಂತು. ಬೆರಳ ಸಂದಿ ಬಿರಿಯಿತು.

ಒಂದು ನಿಜ ಹೇಳುತ್ತೇನೆ. ಆ ದಿನಗಳಲ್ಲಿ ನಮಗೆ ಒಂದು ಸುಖವಿತ್ತು. ಸೊಂಟದವರೆಗೆ ನೀರು, ನಿಂತಲ್ಲೇ ಮುಗಿಯುತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ವಾಸಂತಿಯ ಮುಖ ನೋಡಿದರೆ ಅವಳೂ ಅದನ್ನೇ ಮಾಡುತ್ತಿದ್ದಾಳೆಂದು ತಿಳಿಯುತ್ತಿತ್ತು. ಜನ ಅಕ್ಕಿ ನೆನೆಯಿತು, ಹಾಸಿಗೆ ಹೋಯಿತು ಎಂದು ಅಳುತ್ತಿದ್ದಾಗ ನಮ್ಮಿಬ್ಬರಿಗೆ ಮೈ ಹಗುರವಾಗಿತ್ತು. ಅದನ್ನು ಸುಖ ಎಂದುಕೊಂಡೆನಲ್ಲ ಎಂದು ಈಗಲೂ ಮುಖ ಸುಡುತ್ತದೆ.

ಗಲ್ಲಿಯ ಕೊನೆಯ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಜಯಲಕ್ಷ್ಮಮ್ಮ ಇದ್ದಾರೆ. ಹಿಂದಿನ ಕಾಲದಲ್ಲೇ ಮದ್ರಾಸಿಗೆ ಬಂದು ನೆಲೆಸಿದ ಆಚಾರದ ಮನೆಯವರು. ಮಗ ಸುಜಯೀಂದ್ರ, ಮೊಮ್ಮಗಳು ಪ್ರಣಮ್ಯಾ ಮೇಲಿನ ಮಹಡಿಯಲ್ಲಿ. ಇವರದು ಮಡಿ ಅಡುಗೆ, ಅದಕ್ಕೆ ಕೆಳಗೆ ಒಬ್ಬರೇ. ನನ್ನ ಬಾಯಲ್ಲಿ ಕನ್ನಡ ಕೇಳಿದ ದಿನದಿಂದ ಅವರಿಗೆ ನನ್ನ ಮೇಲೆ ಪ್ರೀತಿ. ಸುಳ್ಳಲ್ಲ, ನಿಜವಾದ ಪ್ರೀತಿಯೇ. ಗೇಟಿನ ಹತ್ತಿರ ನಿಲ್ಲಿಸಿ ಊರಿನ ಸುದ್ದಿ ಕೇಳುತ್ತಿದ್ದರು. ಹಬ್ಬದ ದಿನ ಪಾಯಸ ಕೊಡುತ್ತಿದ್ದರು. ಪೇಪರ್ ಕಪ್ಪಿನಲ್ಲಿ. ಕುಡಿದ ಮೇಲೆ ಆ ಕಪ್ಪು ನನ್ನ ಬಂಡಿಗೇ ಬೀಳುತ್ತಿತ್ತು. ನಿಮ್ಮದು ದೊಡ್ಡ ಮನಸ್ಸು ಅಮ್ಮ ಎಂದು ನಾನು ಹಲ್ಲು ಕಿರಿಯುತ್ತಿದ್ದೆ.

ಅವರ ಮನೆಯೊಳಗೆ ನೀರು ನುಗ್ಗಿತು. ಒಳಗಿನಿಂದ ಕೂಗು ಕೇಳಿ ನಾವಿಬ್ಬರೂ ಬಾಗಿಲು ದೂಡಿಕೊಂಡು ಹೋದೆವು. ಜಯಲಕ್ಷ್ಮಮ್ಮ ಮಂಚದ ಮೇಲೆ ನಿಂತು ದೇವರ ಪೆಟ್ಟಿಗೆಯನ್ನು ತಲೆಯ ಮೇಲೆ ಹಿಡಿದುಕೊಂಡಿದ್ದರು. ಮಗ ಮೆಟ್ಟಿಲ ಮೇಲೆ, ನೀರು ಮುಟ್ಟದ ಮೆಟ್ಟಿಲಲ್ಲಿ ನಿಂತು ಟಾರ್ಚ್ ಬಿಡುತ್ತಿದ್ದ. ಹುಷಾರು, ಹುಷಾರು ಎನ್ನುತ್ತಿದ್ದ. ನಾನು ಬೆನ್ನು ಕೊಟ್ಟೆ. ವಾಸಂತಿ ಹಿಂದಿನಿಂದ ಎತ್ತಿದಳು. ಅವರು ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ನನ್ನ ಕತ್ತು ಹಿಡಿದುಕೊಂಡರು.

"ಪೆಟ್ಟಿಗೆ ಮುಟ್ಟಬೇಡಮ್ಮಾ, ಪೆಟ್ಟಿಗೆ ಒಂದು ಮುಟ್ಟಬೇಡ," ಎಂದರು ನನ್ನ ಕಿವಿಯ ಹತ್ತಿರ.

"ಮುಟ್ಟಕಿಲ್ಲ ಅಮ್ಮಾರೆ. ನೀವು ಗಟ್ಯಾಗಿ ಹಿಡ್ಕಳಿ," ಎಂದೆ.

ಮೇಲೆ ತಲುಪಿಸಿದ ಮೇಲೆ ಅವರು ಅತ್ತುಬಿಟ್ಟರು. "ನೀನು ದೇವರು ಕಣೇ ಮಾದೇವಿ. ಪೆತ್ತ ಮಗಳೂ ಹೀಗೆ ಮಾಡಲ್ಲ. ಏನು ಬೇಕಾದ್ರೂ ಕೇಳು, ಕಂಡಿಪ್ಪಾ, ಖಂಡಿತ ಮಾಡಿಸ್ತೀನಿ."

ನಾನು ಆಗ ಏನೂ ಕೇಳಲಿಲ್ಲ. ನೀರು ಇಳಿದ ಮೇಲೆ, ಕೆಸರೆಲ್ಲ ಬಳಿದು ಮುಗಿದ ಮೇಲೆ ಕೇಳಿದೆ. ಆ ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ಡ್ರೈವರುಗಳಿಗೆಂದು ಕಟ್ಟಿಸಿದ ಒಂದು ಕಕ್ಕಸು ಇದೆ. ಬೀಗ ಹಾಕಿರುತ್ತಾರೆ. ಅದರ ಕೀ ಸುಜಯೀಂದ್ರನ ಕೈಯಲ್ಲಿ, ಅಸೋಸಿಯೇಷನ್ ಸೆಕ್ರೆಟರಿ ಅವನೇ. ಬೆಳಿಗ್ಗೆ ಹೊತ್ತು ಒಂದು ಸಲ ಅದನ್ನು ಬಿಟ್ಟುಕೊಡಿ ಎಂದು ಕೇಳಬೇಕಿತ್ತು. ಅಮ್ಮನ ಹತ್ತಿರ ಕೇಳಲು ಹೋದರೆ ಮಗನೂ ಪಕ್ಕದಲ್ಲೇ ನಿಂತಿದ್ದ. ಗಂಡಸಿನ ಎದುರು ಆ ಮಾತು ನಾಲಗೆಗೆ ಬರಲಿಲ್ಲ.

"ಅಮ್ಮಾರೆ, ನಮಗೆ, ಅದು, ಆಚೆಗೆ ಹೋಗಕ್ಕೆ ಒಸಿ ತ್ರಾಸು," ಎಂದೆ. "ಆ ಮೆಟ್ಲು ಕೆಳಗಿಂದು ತಗ್ಸಿಕೊಟ್ರೆ ನಿಮ್ಮ ಹೆಸ್ರು ಹೇಳ್ಕತೀವಿ. ನಾವೇ ತೊಳ್ದು ಮಡಗ್ತೀವಿ."

ಅಮ್ಮ ಮಗನ ಮುಖ ನೋಡಿದರು. ಅವನು ಕೆಟ್ಟವನಲ್ಲ. ಮೆತ್ತಗೆ ಮಾತಾಡುವ ಮನುಷ್ಯ.

"ನಂಗೇನೂ ಅಬ್ಜೆಕ್ಷನ್ ಇಲ್ಲಮ್ಮ," ಎಂದ. "ಆದ್ರೆ ಮಿಕ್ಕವರು ಒಪ್ಪಬೇಕು. ಇವತ್ತು ನಿಮಗೆ ತೆಗೆದ್ರೆ ನಾಳೆ ಡೆಲಿವರಿ ಹುಡುಗ್ರು ಕೇಳ್ತಾರೆ, ಆಟೋದವರು ಕೇಳ್ತಾರೆ. ಮೀಟಿಂಗ್‌ನಲ್ಲಿ ಹಾಕ್ತೀನಿ. ನಿಮ್ಮ ಉಪಕಾರ ನಾವು ಮರೆಯಲ್ಲ."

ಮೀಟಿಂಗ್ ಆಯಿತು. ಅದು ಮುಗಿದ ಮರುದಿನ ಜಯಲಕ್ಷ್ಮಮ್ಮ ಗೇಟಿಗೇ ಬಂದು ನನ್ನನ್ನು ಹಿಡಿದರು. ಅವರ ಮುಖ ಅರಳಿತ್ತು.

"ಎಲ್ಲರೂ ಒಪ್ಪಿದ್ರು ಕಣೆ. ಭಾನುವಾರ ಬೆಳಿಗ್ಗೆ ಸೀಕ್ರಂ, ಬೇಗ ಬಂದುಬಿಡಿ, ಇಬ್ಬರೂ. ನಿಮಗೆ ಮರ್ಯಾದೆ ಮಾಡಬೇಕು ಅಂತಿದೆ."

ಕಕ್ಕಸಿಗೆ ಒಪ್ಪಿದರು ಎಂದುಕೊಂಡೆ ನಾನು. ಬೇರೆ ಏನಕ್ಕೆ ಒಪ್ಪುತ್ತಾರೆ? ನಾನು ಕೇಳಿದ್ದು ಅದೊಂದೇ. ಮರ್ಯಾದೆ ಮಾಡಿ, ಎಲ್ಲರೆದುರು ಕೀ ಕೈಗೆ ಕೊಡುತ್ತಾರೇನೋ ಎಂದು ವಾಸಂತಿಗೆ ಹೇಳಿದೆ. ಅವಳು ನಂಬಲಿಲ್ಲ. ನಾನು ನಂಬಿದೆ. ನಿನ್ನೆ ಬೆಳಿಗ್ಗೆ ಮನೆಯಲ್ಲಿ ಹೊಟ್ಟೆ ತುಂಬ ನೀರು ಕುಡಿದೆ. ಡಾಕ್ಟರಮ್ಮನ ಮಾತು ನಡೆಸಿದೆ ಎಂದು ಒಳಗೊಳಗೇ ಹಿಗ್ಗಿದೆ. ದಾರಿಯಲ್ಲಿ ಟೀಯನ್ನೂ ಕುಡಿದೆ, ಪೂರಾ ಲೋಟ.

ಹೋಗಿ ನೋಡಿದರೆ ಕಾರು ನಿಲ್ಲಿಸುವ ಜಾಗದಲ್ಲಿ ಶಾಮಿಯಾನ, ರಂಗೋಲಿ, ಎರಡು ಕುರ್ಚಿ. ಕುರ್ಚಿಯ ಮುಂದೆ ಹಿತ್ತಾಳೆ ತಟ್ಟೆ. ಆಗ ಹೇಳಿದರು, ಪಾದಪೂಜೆ ಎಂದು. ಕಾಲು ತೊಳೆದುಕೊಂಡು ಬಾ ಎಂದರು.

ತೊಳೆದು ಬಂದು ಕೂತೆವು. ಕೊರಳಿಗೆ ಹಾರ ಹಾಕಿದರು. ಕಾಯಬೇಕಂತೆ. ಮೇಲಿನ ಮನೆಗಳವರು ಇಳಿಯಬೇಕು, ಮೈಕು ಸರಿಯಾಗಬೇಕು. ನನಗೆ ಆಗಲೇ ಒತ್ತುತ್ತಿತ್ತು. ಭೋಜರಾಜನನ್ನು ಕಣ್ಣಿನಲ್ಲಿ ಕರೆದೆ. ಆ ಬಾಗಿಲು ತೆಗೆಯಪ್ಪ ಎಂದು ತಮಿಳಿನಲ್ಲಿ ಪಿಸುಗುಟ್ಟಿದೆ. ಕೀ ಸಾರ್ ಹತ್ತಿರ ಇದೆ, ತೆಗೆಯಬೇಡ ಎಂದಿದ್ದಾರೆ ಎಂದ. ಕೀ ಅಲ್ಲೇ ಇತ್ತು. ಮೈಕು ಹಿಡಿದ ಸುಜಯೀಂದ್ರನ ಸೊಂಟದಲ್ಲಿ ಕಾಣುತ್ತಿತ್ತು.

ಮೊಮ್ಮಗಳು ಪ್ರಣಮ್ಯಾ ಫೋನಿನಲ್ಲಿ ವಿಡಿಯೊ ತೆಗೆಯಲು ಮುಂದೆ ಬಂದು ಕೂತಳು. ಕಾಲೇಜು ಹುಡುಗಿ, ಒಳ್ಳೆಯ ಹುಡುಗಿ. ಅಮ್ಮ ಬರುವುದು ತಡವೇ ಎಂದು ಅವಳನ್ನು ಕೇಳಿದೆ.

"ಇಲ್ಲ ಆಂಟಿ, ಅಜ್ಜಿ ರೆಡಿ," ಎಂದಳು. "ಇನ್ನೂ ಸ್ನಾನ ಮಾಡಿಲ್ಲ. ಇದು ಮುಗಿದ ಮೇಲೇ ಸ್ನಾನ, ಅಪ್ಪುರಂ, ಆಮೇಲೆ ಮಡಿ. ಇಲ್ಲಾಂದ್ರೆ ಎರಡು ಸಲ ಸ್ನಾನ ಆಗತ್ತಲ್ಲ, ಅದಕ್ಕೇ ಇಷ್ಟು ಬೇಗ ಫಂಕ್ಷನ್."

ಅವಳಿಗೆ ಅದರಲ್ಲಿ ಏನೂ ಕಾಣಲಿಲ್ಲ. ಹೇಳಿ ಫೋನು ಒರೆಸಿಕೊಂಡಳು. ನನಗೆ ಕಂಡಿತು. ದೇವರ ಕಾಲು ತೊಳೆಯುವವರು ಸ್ನಾನ ಮಾಡಿ ತೊಳೆಯುತ್ತಾರೆ. ನನ್ನ ಕಾಲು ತೊಳೆದವರು ಆಮೇಲೆ ಸ್ನಾನ ಮಾಡಬೇಕು. ಎದ್ದು ಹೋಗಬೇಕಿತ್ತು ನಾನು. ಹೋಗಲಿಲ್ಲ. ಇಷ್ಟು ಸಹಿಸಿದರೆ ಕೊನೆಗೆ ಕೀ ಕೊಟ್ಟಾರು ಎಂದು ಹಾರ ಸರಿಮಾಡಿಕೊಂಡು ಕೂತೆ. ಆಸೆ ಎಷ್ಟು ಕೆಟ್ಟದ್ದು ನೋಡಿ.

ಸುಜಯೀಂದ್ರ ಮಾತು ಶುರುಮಾಡಿದ. ಕಷ್ಟಕಾಲದಲ್ಲಿ ಮನುಷ್ಯತ್ವ ಎಂದ. ಕೃತಜ್ಞತೆ ಎಂದ. ಇವರು ನಮ್ಮ ಪಾಲಿಗೆ ದೇವತೆಗಳು ಎಂದ. ಕನ್ನಡದಲ್ಲಿ ಹೇಳಿದ್ದನ್ನೇ ತಮಿಳಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ. ಜನ ಚಪ್ಪಾಳೆ ತಟ್ಟಿದರು. ನಾನು ತೊಡೆ ಬಿಗಿ ಹಿಡಿದು ಕೂತಿದ್ದೆ. ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಕೀಯ ಮಾತು ಬರಲೇ ಇಲ್ಲ.

ಜಯಲಕ್ಷ್ಮಮ್ಮ ಬಂದು ನನ್ನ ಮುಂದೆ ಮಣೆ ಹಾಕಿಕೊಂಡು ಕೂತರು. ಮಂಡಿ ನೋವಿನ ಮುದುಕಿ, ಕಷ್ಟಪಟ್ಟು ಕೂತರು. ಅವರ ಕಣ್ಣು ತುಂಬಿತ್ತು.

"ಅಮ್ಮಾರೆ," ಎಂದು ಬಗ್ಗಿ ಅವರಿಗಷ್ಟೇ ಕೇಳುವ ಹಾಗೆ ಹೇಳಿದೆ. "ನಂಗೆ ಒಂದಕ್ಕೆ ಹೋಗ್ಬೇಕು. ತಡ್ಯಕ್ಕಾಯ್ತಿಲ್ಲ. ಕೀ ಕೊಡ್ಸಿ, ಓಡೋಗಿ ಬಂದ್ಬುಡ್ತೀನಿ."

"ಎಲ್ಲಾರೂ ಕೂತಿದಾರಲ್ಲೇ," ಎಂದರು. "ಸ್ವಲ್ಪ ತಡ್ಕೋ ಮಾ. ಆಗೋಯ್ತು."

ಕಾಲನ್ನು ತಟ್ಟೆಯಲ್ಲಿ ಇಡಿಸಿದರು. ಚೊಂಬಿನಿಂದ ನೀರು ಹುಯ್ದರು. ಬೆಚ್ಚಗಿನ ಅರಿಸಿನದ ನೀರು. ಅದು ಸಣ್ಣಗೆ ಸದ್ದು ಮಾಡುತ್ತ ಪಾದದ ಮೇಲೆ ಬಿತ್ತು.

ನನ್ನ ಮೈ ನನ್ನ ಮಾತು ಕೇಳಲಿಲ್ಲ.

ಮೊದಲು ಕುರ್ಚಿ ಬೆಚ್ಚಗಾಯಿತು. ಆಮೇಲೆ ಸೀರೆ. ಆಮೇಲೆ ಕಾಲಿನ ಹಿಂಬದಿಯಿಂದ ಇಳಿದು ತಟ್ಟೆಗೆ ಸೇರಿತು. ನಿಲ್ಲಿಸಲು ನೋಡಿದೆ, ನಿಲ್ಲಲಿಲ್ಲ. ಬೆಳಿಗ್ಗೆ ಹಿಗ್ಗಿನಿಂದ ಕುಡಿದ ನೀರೆಲ್ಲ ಹೋಯಿತು. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ವಾಸನೆ ಬಂತು. ಜಯಲಕ್ಷ್ಮಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. ಯಾರೋ ಅಯ್ಯಯ್ಯೋ ಎಂದರು. ಪ್ರಣಮ್ಯಾ ಫೋನು ಕೆಳಗಿಳಿಸಿದಳು. ಹಿಂದೆ ಇನ್ನೆರಡು ಫೋನು ಎತ್ತಿದ ಹಾಗೇ ಇದ್ದವು.

ಸಾಯಬೇಕು ಎನ್ನಿಸಿತು. ಮಕ್ಕಳನ್ನು ಹೆತ್ತ ಹೆಂಗಸು ನಾನು, ಕೊರಳಿಗೆ ಹಾರ ಹಾಕಿಕೊಂಡು, ಅಷ್ಟು ಜನರ ಎದುರು ಕೂತಲ್ಲೇ. ಗಂಡನ ಹೆಣ ಎತ್ತುವಾಗಲೂ ನಾನು ಹಾಗೆ ತಲೆ ತಗ್ಗಿಸಿರಲಿಲ್ಲ.

"ಪರವಾಗಿಲ್ಲ, ಪರವಾಗಿಲ್ಲ," ಎಂದ ಸುಜಯೀಂದ್ರ. ಅಮ್ಮನ ತೋಳು ಹಿಡಿದು ಎಬ್ಬಿಸಿದ. "ಅಮ್ಮ, ನೀನು ಮುಟ್ಟಬೇಡ, ಒಳಗೆ ನಡಿ." ಆಮೇಲೆ ನನ್ನ ಕಡೆ ತಿರುಗಿ, ಅದೇ ಮೆತ್ತಗಿನ ದನಿಯಲ್ಲಿ ಹೇಳಿದ. "ಮಾದೇವಿ, ತಪ್ಪು ತಿಳ್ಕೋಬೇಡ. ನೀನೇ ಸ್ವಲ್ಪ ನೀರು ಹಾಕಿ ಕ್ಲೀನ್ ಮಾಡಿಬಿಡು. ಮಿಕ್ಕಿದ್ದು ಆಮೇಲೆ ಮಾಡೋಣ."

ಭೋಜರಾಜ ಬಕೆಟ್ಟು ಪೊರಕೆ ತಂದು ನನ್ನ ಮುಂದಿಟ್ಟ. ನನ್ನ ಕೈ ಹೋಗಿ ಪೊರಕೆ ಹಿಡಿಯಿತು. ಯಾರೂ ಬಲವಂತ ಮಾಡಲಿಲ್ಲ, ಅದಾಗಿಯೇ ಹೋಯಿತು. ಉಚ್ಚೆ ಹೊಯ್ದುಕೊಂಡದ್ದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಆಗ. ಹಾರ ಇನ್ನೂ ಕೊರಳಲ್ಲಿದೆ, ಸೀರೆ ಒದ್ದೆಯಾಗಿ ತೊಡೆಗೆ ಅಂಟಿದೆ, ಕೈಯಲ್ಲಿ ಪೊರಕೆ. ದೇವತೆಯಂತೆ ನಾನು.

ಪೊರಕೆ ಕೆಳಗೆ ಹಾಕಿದೆ.

"ನಾನು ತೊಳ್ಯಕಿಲ್ಲ," ಎಂದೆ. "ನನ್ನ ಕಾಲು ತೊಳೀತೀವಿ ಅಂತ ಕರ್ದೋರು ನೀವು. ಕಾಲು ಇಲ್ಲೈತೆ. ಈಗ ತೊಳೀರಿ."

ಯಾರೂ ಮುಂದೆ ಬರಲಿಲ್ಲ. ಜಯಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದರು. ಒಂದು ಹೆಜ್ಜೆ ನನ್ನ ಕಡೆ ಇಟ್ಟರು. ಮಗ ತೋಳು ಬಿಡಲಿಲ್ಲ, ಅವರೂ ಬಿಡಿಸಿಕೊಳ್ಳಲಿಲ್ಲ.

ವಾಸಂತಿ ಎದ್ದಳು. ತನ್ನ ಹಾರ ತೆಗೆದು ಕುರ್ಚಿಯ ಮೇಲಿಟ್ಟಳು. ಮೇಲೆ ಹಾಕಿಕೊಂಡಿದ್ದ ಕಂಪನಿಯ ಕೋಟು ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಿ, ತೋಳುಗಳನ್ನು ಹಿಂದೆ ಗಂಟು ಹಾಕಿದಳು. ವಾ, ಹೋಗೋಣ ಎಂದಳು. ನಡೆದೆವು. ಮನೆಯ ಹತ್ತಿರ ಬಂದಾಗ ಅವಳಿಗೆ ಏನಾದರೂ ಹೇಳಬೇಕು ಎನ್ನಿಸಿತು. ಬಾಯಿ ಬಿಟ್ಟರೆ ಅಳು ಬಂತು. ಅವಳು ನನ್ನ ಭುಜ ಹಿಡಿದು, ಕೋಟು ನಾಳೆ ಒಣಗಿಸಿ ತಾ ಸಾಕು ಎಂದಳು. ನನಗೆ ಸಿಕ್ಕ ಮರ್ಯಾದೆ ಅಷ್ಟೆ, ಅದು ಸಾಕಿತ್ತು.

ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದೆ. ಇನ್ನು ಆ ಗಲ್ಲಿಗೆ ಕಾಲಿಡುವುದಿಲ್ಲ, ಬೇರೆ ಕಡೆ ಹಾಕಿಸಿಕೊಳ್ಳುತ್ತೇನೆ ಎಂದುಕೊಂಡೆ. ಎಲ್ಲಿಗೆ ಹಾಕಿಸಿಕೊಂಡರೂ ನೀರು ಕುಡಿಯದೆ ಇರಬೇಕು. ಅಲ್ಲೂ ವಾಸಂತಿಯಂಥವಳು ಸೆರಗು ಹಿಡಿಯಬೇಕು, ಅಲ್ಲೂ ಯಾರೋ ಫೋಟೊ ತೆಗೆಯಬೇಕು. ಇಷ್ಟು ದಿನ ಆಚೆಗೆ ಎಂದೆ, ಒಂದಕ್ಕೆ ಎಂದೆ, ಮೆಲ್ಲಗೆ ಎಂದೆ. ನಾಚಿಕೆಪಟ್ಟು ಕೇಳಿದ್ದಕ್ಕೆ ಇದು ಸಿಕ್ಕಿತು.

ಇವತ್ತು ಬೆಳಿಗ್ಗೆ ಬೇಕೆಂದೇ ಚೊಂಬು ತುಂಬ ನೀರು ಕುಡಿದೆ. ಒಗೆದ ಕೋಟು ಇನ್ನೂ ಹಸಿಯಾಗಿತ್ತು, ಹಾಗೇ ತಂದು ವಾಸಂತಿಗೆ ಕೊಟ್ಟೆ. ಬಂಡಿ ತಳ್ಳಿಕೊಂಡು ಗಲ್ಲಿಯ ಕೊನೆಗೆ ಹೋದೆವು. ಗೇಟಿಗೆ ಅಡ್ಡಲಾಗಿ ಬಂಡಿ ನಿಲ್ಲಿಸಿದೆ. ಅವರ ಕಸದ ಡಬ್ಬಿಗಳು ತುಂಬಿ ನಿಂತಿದ್ದವು, ಮುಟ್ಟಲಿಲ್ಲ. ಕಾರು ತೆಗೆಯಲು ಬಂದವರೊಬ್ಬರು ಹಾರ್ನ್ ಹೊಡೆದರು. ಭೋಜರಾಜ ಪಕ್ಕಕ್ಕೆ ಸರಿ, ಸರಿ ಎಂದು ಕೈ ಬೀಸಿದ. ಮುಖ ನಿನ್ನೆಯ ಹಾಗೇ ಸುಡುತ್ತಿತ್ತು. ಆದರೂ ತಲೆ ಎತ್ತಿ, ಮೇಲಿನ ಮಹಡಿಗೂ ಕೇಳುವ ಹಾಗೆ ಕೂಗಿದೆ.

"ಜಯಲಕ್ಷ್ಮಮ್ಮಾರೆ, ನಂಗೆ ಉಚ್ಚೆ ಬಂದೈತೆ. ಬಾಗ್ಲು ತಗ್ಸಿ."

ಕಿಟಕಿಗಳು ತೆರೆದವು. ಮತ್ತೆ ಕೂಗಿದೆ. ವಾಸಂತಿ ನನ್ನ ಮುಖ ನೋಡಿದಳು. ಆಮೇಲೆ ಅವಳೂ ಬಾಯಿಗೆ ಕೈ ಅಡ್ಡ ಹಿಡಿದು, ನನಗೂ ಬಂದಿದೆ ಎಂದು ತಮಿಳಿನಲ್ಲಿ ಕೂಗಿದಳು. ಪಕ್ಕದ ಗಲ್ಲಿಯಲ್ಲಿ ಗುಡಿಸುತ್ತಿದ್ದ ಹೆಂಗಸರು ಪೊರಕೆ ಹಿಡಿದುಕೊಂಡೇ ಬಂದು ನಮ್ಮ ಹಿಂದೆ ನಿಂತರು.

ಸೂಪರ್‌ವೈಸರನ ಫೋನು ಬರುತ್ತಲೇ ಇದೆ. ಬಾಗಿಲು ಇನ್ನೂ ತೆಗೆದಿಲ್ಲ. ನಾವೂ ಹೋಗಿಲ್ಲ.